ಪಾನೀಯದ ಕಾರ್ಖಾನೆಯೂ ನಮ್ಮ ಬಾವಿಯ ನೀರೂ

ಕಳೆದ ವಾರ್ಷಿಕೋತ್ಸವದ ಮರುದಿನ ಬೆಳಿಗ್ಗೆ ಎಂಟನೆಯ ತರಗತಿಯ ಹುಡುಗಿಯರು ಶಾಲೆಯ ಅಂಗಳವನ್ನು ಗುಡಿಸಿ, ಅತಿಥಿಗಳು ಕುಡಿದು ಬಿಟ್ಟ ಪ್ಲಾಸ್ಟಿಕ್ ಬಾಟ್ಲಿಗಳನ್ನು ಹಲಸಿನ ಮರದ ಬುಡದಲ್ಲಿ ರಾಶಿ ಹಾಕಿದರು. ಲೆಕ್ಕ ಮಾಡಿದಾಗ 412 ಬಾಟ್ಲಿಗಳಾದವು. ಅವುಗಳಲ್ಲಿ ಅನೇಕವು ಅರ್ಧ ಮಾತ್ರ ಬರಿದಾಗಿದ್ದವು. ಹುಡುಗಿಯರಲ್ಲಿ ಒಬ್ಬಳು ಉಳಿದ ಸಿಹಿ ಪಾನೀಯವನ್ನೆಲ್ಲಾ ಒಂದು ಬಕೆಟಿಗೆ ಸುರಿದು, ಬಾವಿಕಟ್ಟೆಯ ಪಕ್ಕದ ಬಚ್ಚಲಿಗೆ ಚೆಲ್ಲಲಿಕ್ಕೆ ಹೊರಟಳು. ನಾವು ಬೇಡವೆಂದು ತಡೆದಾಗ ಅವಳು, “ಇದು ಮನುಷ್ಯರು ಕುಡಿಯುವ ವಸ್ತುವಲ್ಲವೇ ಟೀಚರ್? ಹೊಟ್ಟೆಗೆ ಆಗುವದು ಬಾವಿಗೆ ಯಾಕೆ ಆಗದು?” ಎಂದು ಕೇಳಿದಳು. ಪ್ರಶ್ನೆಯು ನ್ಯಾಯವಾದದ್ದೇ. ಗಂಟೆ ಬಾರಿಸಿದ್ದರಿಂದ ಆಗ ಏನೋ ಎರಡು ಮಾತು ಹೇಳಿ ಕಳುಹಿಸಿದೆವು. ಆದರೆ ಆ ಉತ್ತರವು ನಮಗೇ ಸಾಲದೆ ಹೋಯಿತು. ಆದುದರಿಂದ ಮುಂದಿನ ಒಂದು ವಾರದ ವಿಜ್ಞಾನದ ಪಾಠವನ್ನು ಇದೇ ವಿಷಯಕ್ಕೆ ಮೀಸಲಾಗಿಟ್ಟೆವು. ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ಓದಿ ತಿಳಿಯುವ ಹಾಗೆ ಆ ಪಾಠವನ್ನೇ ಇಲ್ಲಿ ಬರೆಯುತ್ತೇವೆ.

ಮೊದಲು ಲೆಕ್ಕ. ಅಂಗಡಿಯಲ್ಲಿ ಸಿಕ್ಕುವ ಸಿಹಿ ಪಾನೀಯದ ಒಂದು ಲೀಟರಿನಲ್ಲಿ ಸಾಧಾರಣವಾಗಿ 100 ಗ್ರಾಮ್ ಸಕ್ಕರೆ ಕರಗಿರುವದು. ಈ ಸಕ್ಕರೆಯು ನೀರಿಗೆ ಸೇರಿದರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಿನ್ನುವವು. ತಿನ್ನುವದಕ್ಕೆ ಅವುಗಳಿಗೂ ನಮ್ಮ ಹಾಗೆಯೇ ಉಸಿರು ಬೇಕು. 100 ಗ್ರಾಮ್ ಸಕ್ಕರೆಯು ಪೂರ್ಣವಾಗಿ ಕರಗಿ ಹೋಗಲಿಕ್ಕೆ ಸುಮಾರು 112 ಗ್ರಾಮ್ ಆಮ್ಲಜನಕ ವೆಚ್ಚವಾಗುವದು. ನಮ್ಮ ಕರಾವಳಿಯ ಸೆಕೆಯಲ್ಲಿ ಒಳ್ಳೆಯ ನೀರಿನ ಒಂದು ಲೀಟರಿನೊಳಗೆ ಹಿಡಿಯುವ ಆಮ್ಲಜನಕವು ಹೆಚ್ಚೆಂದರೆ 8 ಮಿಲಿಗ್ರಾಮ್. ಭಾಗಿಸಿ ನೋಡಿದರೆ ಒಂದು ಲೀಟರ್ ಪಾನೀಯವು 14,000 ಲೀಟರ್ ನೀರಿನ ಉಸಿರನ್ನು ತೆಗೆದು ಬಿಡಬಲ್ಲದು. ಹತ್ತು ಅಡಿ ಅಗಲದ ಬಾವಿಯೊಂದರಲ್ಲಿ ಆರೂವರೆ ಅಡಿ ನೀರಿದ್ದರೆ ಅದು ಹೆಚ್ಚು ಕಡಿಮೆ ಇಷ್ಟೇ ಆಗುವದು. ಒಂದು ಬಾಟ್ಲಿಗೆ ಒಂದು ಬಾವಿ! ನಿಜವಾದ ಬಾವಿಯಲ್ಲಿ ಗಾಳಿಯಿಂದ ಹೊಸ ಆಮ್ಲಜನಕವು ಮೆಲ್ಲಮೆಲ್ಲನೆ ಸೇರುತ್ತಲೇ ಇರುವದರಿಂದ ಒಂದು ಬಾಟ್ಲಿಯಿಂದ ಬಾವಿ ಸಾಯುವದಿಲ್ಲ. ಆದರೆ ದಿನವೂ ನೂರು ಬಾಟ್ಲಿಯಷ್ಟು ಸುರಿದರೆ ಏನಾಗುವದೆಂದು ಹುಡುಗಿಯರೇ ಹೇಳಿದರು.

ಲೆಕ್ಕವನ್ನು ನಂಬದವರಿಗಾಗಿ ಒಂದು ಪ್ರಯೋಗವನ್ನೂ ಮಾಡಿದೆವು. ಎರಡು ಗಾಜಿನ ಬಾಟ್ಲಿಗಳಲ್ಲಿ ಕೆರೆಯ ನೀರನ್ನು ತುಂಬಿ, ಎರಡಕ್ಕೂ ಪ್ರಯೋಗಶಾಲೆಯ ಮೆಥಿಲೀನ್ ಬ್ಲೂ ಎಂಬ ನೀಲಿಯನ್ನು ಕೆಲವು ತೊಟ್ಟು ಹಾಕಿ, ಒಂದಕ್ಕೆ ಮಾತ್ರ ಎರಡು ಚಮಚ ಸಿಹಿ ಪಾನೀಯವನ್ನು ಕೂಡಿಸಿ, ಎರಡರ ಬಾಯಿಯನ್ನೂ ಬಿಗಿದು ಕತ್ತಲೆಯ ಕಪಾಟಿನಲ್ಲಿಟ್ಟೆವು. ಈ ನೀಲಿಗೆ ಆಮ್ಲಜನಕ ಇರುವ ತನಕ ಬಣ್ಣ ಉಂಟು, ಅದು ತೀರಿದ ಮೇಲೆ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಸಿಹಿ ಹಾಕಿದ ಬಾಟ್ಲಿ ಬಣ್ಣಗೆಟ್ಟು ಬೆಳ್ಳಗಾಗಿತ್ತು. ಇನ್ನೊಂದು ನೀಲಿಯಾಗಿಯೇ ಇತ್ತು. ಬೆಳ್ಳಗಾದ ಬಾಟ್ಲಿಯ ಮುಚ್ಚಳವನ್ನು ತೆಗೆದಾಗ ಹುಡುಗಿಯರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಆ ವಾಸನೆಯ ವಿಷಯವನ್ನು ಮುಂದೆ ಹೇಳುವೆವು.

ನಮ್ಮ ಸೀಮೆಯಲ್ಲಿ ಈ ಪಾಠಕ್ಕೆ ವಿಶೇಷವಾದ ಕಾರಣವುಂಟು. ಬೈಂದೂರಿನಿಂದ ಕುಂದಾಪುರವನ್ನು ದಾಟಿ ಬ್ರಹ್ಮಾವರದ ವರೆಗೂ ನಾವು ಮುರಕಲ್ಲಿನ ನೆಲದ ಮೇಲೆ ಬದುಕುವವರು. ಮುರಕಲ್ಲು ಜರಡಿಯ ಹಾಗೆ. ಮೇಲೆ ಬಿದ್ದದ್ದು ಬೇಗನೆ ಕೆಳಕ್ಕೆ ಇಳಿಯುವದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿದರೂ ಚೈತ್ರ ವೈಶಾಖಗಳಲ್ಲಿ ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಗಂಟು ಹಾಕಬೇಕಾಗುವದು ಎಲ್ಲರಿಗೂ ಗೊತ್ತು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕೆ; ಇಂಥ ತಗ್ಗಿನ ನೆಲದಲ್ಲಿ ಸಿಹಿನೀರೆಂಬದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಒಂದು ಪದರ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುವದು. ಹೊಲಸು ಸುರಿದರೆ ಮೇಲಿನದು ಕೆಡುವದು. ಪಾನೀಯದ ಕಾರ್ಖಾನೆಯು ಈ ಎರಡನ್ನೂ ಮಾಡಬಲ್ಲದು.

ಈಗ ಕಾರ್ಖಾನೆಯ ಒಳಕ್ಕೆ ಹೋಗೋಣ. ಅದು ದೊಡ್ಡದಾಗಿರಲಿ, ಹಳ್ಳಿಯ ಸೋಡಾ ಮನೆಯಾಗಿರಲಿ, ಕೆಲಸದ ಕ್ರಮವು ಒಂದೇ. ನೀರನ್ನು ಸೇದಿ ಸೋಸುವರು. ಸಕ್ಕರೆಯ ಪಾಕವನ್ನು ಕಾಯಿಸುವರು. ಎರಡನ್ನೂ ಬೆರಸಿ, ಒತ್ತಡದಿಂದ ಅಂಗಾರಾಮ್ಲವನ್ನು ತುಂಬಿ, ಬಾಟ್ಲಿಗೆ ಹಾಕಿ ಮುಚ್ಚುವರು. ಒಂದು ಲೀಟರ್ ಪಾನೀಯ ಹೊರಗೆ ಬರಬೇಕಾದರೆ ಸಾಧಾರಣವಾಗಿ ಎರಡು ಲೀಟರಿಗಿಂತಲೂ ಹೆಚ್ಚು ನೀರು ಒಳಗೆ ಹೋಗಬೇಕು. ಮಿಕ್ಕದ್ದು ತೊಳೆಯುವದಕ್ಕೆ. ಪಾಕದ ಹಂಡೆ, ಕೊಳವೆ, ನೆಲ, ಬಾಟ್ಲಿ ಎಲ್ಲವನ್ನೂ ದಿನದಿನವೂ ತೊಳೆಯಲೇಬೇಕು. ತೊಳೆಯದಿದ್ದರೆ ಕುಡಿಯುವವರಿಗೆ ಕೇಡು. ಮರಳಿ ಬಂದ ಗಾಜಿನ ಬಾಟ್ಲಿಗಳನ್ನಾದರೋ ಬಿಸಿ ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದಿ ತೊಳೆಯುವರು. ಅದು ಕೈ ಸುಡುವಷ್ಟು ಖಾರವಾದದ್ದು. ಕೇವಲ ನೀರನ್ನು ತುಂಬಿ ಮಾರುವ ಘಟಕಗಳಲ್ಲಿಯೂ ತ್ಯಾಜ್ಯವಿಲ್ಲವೆಂದು ಎಣಿಸಬಾರದು. ಸೇದಿದ ನೀರಿನ ದೊಡ್ಡ ಪಾಲನ್ನು ಸೋಸುವ ಯಂತ್ರವು ಉಪ್ಪು ಹೆಚ್ಚಿಸಿ ಹೊರಗೆ ಬಿಡುವದು.

ಹೀಗೆ ಹುಟ್ಟುವ ತ್ಯಾಜ್ಯಗಳ ಸ್ವಭಾವ ಒಂದೇ ಅಲ್ಲವೆಂಬದೇ ಈ ಪಾಠದ ಮುಖ್ಯ ಮಾತು. ಕೆಲವು ಕೊಳೆಯುವಂಥವು: ಸಿಹಿ ತೊಳೆನೀರು, ಹಣ್ಣಿನ ಸಿಪ್ಪೆ, ಕಾಫಿಯ ಚರಟ, ಧಾನ್ಯದ ಹೊಟ್ಟು. ಕೆಲವು ಕೊಳೆಯದೆ ಮತ್ತೆ ಕರಗಿಸಬಹುದಾದವು: ಗಾಜು, ಅಲ್ಯುಮಿನಿಯಮ್, ಪ್ಲಾಸ್ಟಿಕ್, ರಟ್ಟು. ಮತ್ತೆ ಕೆಲವು ತೂಕದಲ್ಲಿ ಅಲ್ಪವಾದರೂ ಹಾನಿಕರವಾದವು: ಯಂತ್ರದಿಂದ ತೆಗೆದ ಹಳೆಯ ಎಣ್ಣೆ, ಆ ಎಣ್ಣೆಯನ್ನು ಒರಸಿದ ಬಟ್ಟೆ, ತಾರೀಕು ಅಚ್ಚೊತ್ತುವ ಶಾಯಿ, ರಾಸಾಯನಿಕಗಳ ಖಾಲಿ ಡಬ್ಬಿ, ಸತ್ತ ಬ್ಯಾಟರಿ, ಮತ್ತು ರಾಸಾಯನಿಕ ವಿಧಾನದಿಂದ ಹೊಲಸು ನೀರನ್ನು ಶುದ್ಧಿ ಮಾಡಿದಾಗ ತಳದಲ್ಲಿ ನಿಲ್ಲುವ ಕೆಸರು. ಅಡಿಗೆಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ದನಕ್ಕೂ, ಬೂದಿಯನ್ನು ತೆಂಗಿನ ಬುಡಕ್ಕೂ, ಸೀಮೆಎಣ್ಣೆಯ ಡಬ್ಬಿಯನ್ನು ಬೇರೆ ಮೂಲೆಗೂ ಇಡುವ ಗೃಹಿಣಿಗೆ ಈ ವಿಂಗಡಣೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಷ್ಟವೆಲ್ಲಾ ಬೆರಸಿದಾಗ ಬರುವದು.

ಬೆರಸದೆ ಇಟ್ಟರೆ ಮೊದಲನೆಯ ವರ್ಗವು ತ್ಯಾಜ್ಯವೇ ಅಲ್ಲ. ಬಾರ್ಲಿಯ ಹೊಟ್ಟು ದನಗಳಿಗೆ ಒಳ್ಳೆಯ ಮೇವು. ಪುಡಿಕಾಫಿ ಮಾಡುವ ಕಾರ್ಖಾನೆಗಳಲ್ಲಿ ರಸ ತೆಗೆದು ಉಳಿದ ಚರಟವನ್ನು ಒಣಗಿಸಿ ಬಾಯ್ಲರಿಗೆ ಸೌದೆಯಾಗಿ ಉರಿಸುವದುಂಟು. ಸಿಹಿ ತೊಳೆನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಗಾಳಿಯಿಲ್ಲದೆ ಕೊಳೆಯಿಸಿದರೆ ನಮ್ಮ ಸೆಗಣಿ ಗ್ಯಾಸಿನಂತೆಯೇ ಉರಿಯುವ ಅನಿಲ ದೊರೆಯುವದು. ಬಳಿಕ ತೆರೆದ ತೊಟ್ಟಿಯಲ್ಲಿ ಗಾಳಿಯೂದಿ, ತಿಳಿಯಾಗಲು ಬಿಟ್ಟು, ತೋಟಕ್ಕೆ ಹಾಯಿಸಬಹುದು. ಹೊಳೆಗೆ ಬಿಡತಕ್ಕ ನೀರಿನಲ್ಲಿ ಜೈವಿಕ ಆಮ್ಲಜನಕದ ಬೇಡಿಕೆಯು ಲೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ನಮ್ಮ ದೇಶದ ನಿಯಮವುಂಟು. ಇದನ್ನು ನೆನಪಿನಲ್ಲಿಟ್ಟು ಘಟ್ಟದ ಮೇಲಿನ ಕಾಫಿಯ ತೋಟಗಳನ್ನು ನೋಡಿರಿ. ಚಿಕ್ಕಮಗಳೂರು ಕೊಡಗುಗಳಲ್ಲಿ ಹಣ್ಣಿನ ತೊಗಟೆ ಸುಲಿದು, ಲೋಳೆಯನ್ನು ತೊಳೆದು ಬೀಜ ಬೇರ್ಪಡಿಸಿದ ನೀರಿನಲ್ಲಿ ಆ ಬೇಡಿಕೆಯು ಅನೇಕ ಸಾವಿರ ಮಿಲಿಗ್ರಾಮುಗಳಷ್ಟಿರುವದು. ಅದೂ ಹಳ್ಳಗಳು ಬಡವಾಗುವ ಡಿಸೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲದಲ್ಲಿ. ಬೆಳಗಿನ ಕಾಫಿಯೂ ಕಾರ್ಖಾನೆಯ ಪಾನೀಯವೇ ಎಂಬದನ್ನು ನಾವು ಮರೆತಿರುತ್ತೇವೆ. ತೊಗಟೆಯನ್ನು ಗೊಬ್ಬರಕ್ಕೆ ಹಾಕಿ, ನೀರನ್ನು ತೊಟ್ಟಿಗಳಲ್ಲಿ ಸುಣ್ಣ ಹಾಕಿ ನಿಲ್ಲಿಸುವ ತೋಟದವರೂ ಇದ್ದಾರೆ, ಹಳ್ಳಕ್ಕೆ ಬಿಡುವವರೂ ಇದ್ದಾರೆ.

ಎರಡನೆಯ ವರ್ಗಕ್ಕೆ ನಮ್ಮ ಹಿರಿಯರು ಕಂಡ ಗೋಲಿ ಸೋಡಾ ಒಳ್ಳೆಯ ದೃಷ್ಟಾಂತ. ಗೋಲಿಯನ್ನು ಕುತ್ತಿಗೆಯಲ್ಲಿ ಹಿಡಿದಿಡುವ ಆ ಬಾಟ್ಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು 1872ರಲ್ಲಿ ಹಕ್ಕುಪತ್ರ ಪಡೆದನು. ಸಮುದ್ರ ದಾಟಿ ನಮ್ಮ ಪೇಟೆಗಳಿಗೆ ಬಂದ ಮೇಲೆ ಅದು ಒಡೆಯುವ ತನಕ ಅಂಗಡಿಗೂ ಸೋಡಾ ಮನೆಗೂ ನಡುವೆ ಓಡಾಡುತ್ತಲೇ ಇತ್ತು. ಬಾಟ್ಲಿಯನ್ನು ಹೊತ್ತುಕೊಂಡು ಹೋಗಲಿಕ್ಕೆ ಅಂಗಡಿಯವನು ಬಿಡುತ್ತಿರಲಿಲ್ಲ. ಅಲ್ಲಿಯೇ ನಿಂತು ಕುಡಿದು ಕೊಟ್ಟು ಬರಬೇಕಾಗಿತ್ತು. ಗೋಲಿಯ ಆಸೆಗೆ ಬಾಟ್ಲಿ ಒಡೆದ ಹುಡುಗರ ಹೊರತು ಬೇರೆ ತ್ಯಾಜ್ಯವನ್ನು ಆ ವ್ಯಾಪಾರವು ಬೀದಿಯಲ್ಲಿ ಬಿಟ್ಟದ್ದು ಕಡಿಮೆ. ಈಗಿನ ಪ್ಲಾಸ್ಟಿಕ್ ಬಾಟ್ಲಿಯು ಹಗುರ, ಒಡೆಯುವದಿಲ್ಲ, ಮತ್ತು ಮರಳಿ ಹೋಗುವದಿಲ್ಲ. ಮರಳಿ ಹೋಗಬೇಕೆಂದು ಸರಕಾರವು 2022ರ ಫೆಬ್ರವರಿಯಲ್ಲಿ ಬರೆದ ನಿಯಮದಲ್ಲಿ ತಯಾರಕರ ಮೇಲೆಯೇ ಹೊಣೆಯನ್ನು ಹೊರಿಸಿತು. ಗಟ್ಟಿ ಪ್ಲಾಸ್ಟಿಕಿನ ಹೊದಿಕೆಗಳಲ್ಲಿ ಹಳೆಯ ಪ್ಲಾಸ್ಟಿಕಿನ ಪಾಲು 2025-26ರಲ್ಲಿ ನೂರಕ್ಕೆ 30ರಿಂದ ತೊಡಗಿ 2028-29ರಲ್ಲಿ 60ಕ್ಕೆ ಏರಬೇಕೆಂದು ಆ ನಿಯಮವು ಗುರಿಯಿಟ್ಟಿತು. ಆದರೆ ಕೆಸರು ಹತ್ತಿದ, ಅರ್ಧ ಪಾನೀಯ ತುಂಬಿದ ಬಾಟ್ಲಿಯಿಂದ ಹೊಸ ಬಾಟ್ಲಿಯಾಗದು. ನಮ್ಮ 412 ಬಾಟ್ಲಿಗಳನ್ನು ಹುಡುಗಿಯರು ಬರಿದು ಮಾಡಿ, ಒಣಗಿಸಿ, ಮುಚ್ಚಳಗಳನ್ನು ಬೇರೆ ಮಾಡಿದರು. ಕತ್ತರಿಸಿದ ತುಂಡುಗಳನ್ನು ಬಕೆಟಿನ ನೀರಿಗೆ ಹಾಕಿದಾಗ ಬಾಟ್ಲಿಯ ತುಂಡು ಮುಳುಗಿತು, ಮುಚ್ಚಳದ ತುಂಡು ತೇಲಿತು. ಮರುಬಳಕೆಯ ಕಾರ್ಖಾನೆಗಳಲ್ಲಿಯೂ ಇದೇ ಉಪಾಯದಿಂದ ಎರಡನ್ನು ಬೇರ್ಪಡಿಸುವರು. ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯ ವಂಡ್ಸೆ ಗ್ರಾಮಪಂಚಾಯತಿಯವರು ಈ ವಿಂಗಡಣೆಯನ್ನು ಊರಿಗೇ ಕಲಿಸಿ, ಕಸದ ಘಟಕವನ್ನು ಚೊಕ್ಕಟವಾಗಿ ನಡಿಸಿ ತೋರಿಸಿದವರಲ್ಲಿ ನಮ್ಮ ಜಿಲ್ಲೆಗೆ ಮೊದಲಿಗರು. ಹೆದ್ದಾರಿಯ ಬದಿಯಲ್ಲಿ ಸೀಯಾಳದ ಚಿಪ್ಪುಗಳನ್ನು ರಾಶಿ ಹಾಕಿ, ಮಳೆಗಾಲದಲ್ಲಿ ಸೊಳ್ಳೆ ಸಾಕುವವರು ಅಲ್ಲಿಗೆ ಹೋಗಿ ನೋಡಿದರೆ ಒಳ್ಳೆಯದು.

ಇನ್ನು ಮೂರನೆಯದು. ಇದರ ವಿಷಯದಲ್ಲಿ ಹುಡುಗಿಯರಿಗೆ ಹೇಳಲಿಕ್ಕೆ ನಾವು ಕಾಸರಗೋಡಿನ ಆಚೆಗೆ, ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡ ಎಂಬ ಹಳ್ಳಿಯ ಚರಿತ್ರೆಯನ್ನು ತೆಗೆದುಕೊಂಡೆವು. ಪೆರುಮಾಟ್ಟಿ ಗ್ರಾಮಪಂಚಾಯತಿಗೆ ಸೇರಿದ ಈ ಹಳ್ಳಿಯಲ್ಲಿ ಹಿಂದುಸ್ತಾನ್ ಕೋಕಾಕೋಲಾ ಕಂಪನಿಯವರ ಬಾಟ್ಲಿ ತುಂಬುವ ಕಾರ್ಖಾನೆಯು 2000ದಲ್ಲಿ ಕೆಲಸ ತೊಡಗಿತು. ಕೊಳವೆಬಾವಿಗಳಿಂದ ಲಕ್ಷಗಟ್ಟಲೆ ಲೀಟರ್ ನೀರನ್ನು ದಿನವೂ ಸೇದಿದ ಸ್ವಲ್ಪ ಕಾಲದಲ್ಲಿಯೇ ಬಾವಿಗಳು ಇಳಿದವು, ಉಳಿದ ನೀರು ಗಡಸಾಯಿತು, ಅದರಲ್ಲಿ ಅನ್ನ ಬೇಯುವದಿಲ್ಲವೆಂದು ಹೆಂಗಸರು ದೂರಿಕೊಂಡರು. 2002ರ ಏಪ್ರಿಲ್ 22ರಂದು ಅವರು ಕಾರ್ಖಾನೆಯ ಬಾಗಿಲಲ್ಲಿ ಧರಣಿ ಕೂತರು. ಅವರ ಮುಂದಾಳು ಮಯಿಲಮ್ಮ ಎಂಬ ಆದಿವಾಸಿ ಸ್ತ್ರೀ. ಶಾಲೆಯ ಓದು ಇಲ್ಲದವಳು, ತನ್ನ ಬಾವಿಯ ನೀರು ಬದಲಾದದ್ದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬಳು. ಅವಳು 2007ರಲ್ಲಿ ತೀರಿಕೊಂಡಳು.

ನೀರಿನ ಜಗಳವು ಪ್ರಸಿದ್ಧವಾದದ್ದು. ನಾವು ಹೇಳಬೇಕಾದದ್ದು ಅದರೊಳಗಿನ ಇನ್ನೊಂದು ವಿಷಯ. ಆ ಕಾರ್ಖಾನೆಯು ತನ್ನ ಕೆಸರನ್ನು ಕದ್ದು ಮುಚ್ಚಿ ಎಸೆಯಲಿಲ್ಲ. ಗೊಬ್ಬರವೆಂದು ಸುತ್ತಿನ ರೈತರಿಗೆ ಹಂಚಿತು. ರೈತರು ಸಂತೋಷದಿಂದ ಹೊಲಕ್ಕೆ ಹಾಕಿದರು. 2003ರಲ್ಲಿ ಬಿ.ಬಿ.ಸಿ. ರೇಡಿಯೋದವರು ಆ ಕೆಸರಿನ ಮಾದರಿಯನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಕ್ಯಾಡ್ಮಿಯಮ್ ಮತ್ತು ಸೀಸವು ಕಂಡು ಬಂದವು. ಅದರಿಂದ ಅಪಾಯವಿಲ್ಲವೆಂದು ಕಂಪನಿಯವರು ವಾದಿಸಿದರು. 2004ರ ಮಾರ್ಚಿನಲ್ಲಿ ಕಾರ್ಖಾನೆ ನಿಂತಿತು. 2010ರಲ್ಲಿ ಕೇರಳ ಸರಕಾರದ ಉನ್ನತಾಧಿಕಾರ ಸಮಿತಿಯು ನಷ್ಟವನ್ನು 216.26 ಕೋಟಿ ರೂಪಾಯಿಯೆಂದು ಅಂದಾಜು ಮಾಡಿತು. ಪರಿಹಾರಕ್ಕಾಗಿ ನ್ಯಾಯಮಂಡಳಿಯನ್ನು ಸ್ಥಾಪಿಸುವ ಮಸೂದೆಯನ್ನು 2011ರಲ್ಲಿ ಶಾಸನಸಭೆಯು ಅಂಗೀಕರಿಸಿತು. ಅದು ರಾಷ್ಟ್ರಪತಿಗಳ ಒಪ್ಪಿಗೆ ದೊರೆಯದೆ ಮರಳಿ ಬಂತು. 2017ರಲ್ಲಿ ಸುಪ್ರೀಮ್ ಕೋರ್ಟಿನ ಮುಂದೆ, ಅಲ್ಲಿ ಮತ್ತೆ ಕಾರ್ಖಾನೆ ನಡಿಸುವದಿಲ್ಲವೆಂದು ಕಂಪನಿಯವರು ಹೇಳಿದ್ದರಿಂದ ಮೊಕದ್ದಮೆ ಮುಗಿಯಿತು.

ಕುಡಿಯುವ ಪಾನೀಯದ ಮನೆಯಲ್ಲಿ ಲೋಹವೆಲ್ಲಿಂದ ಬರಬೇಕೆಂದು ಹುಡುಗಿಯರು ಕೇಳಿದರು. ಪ್ಲಾಚಿಮಡದ ಸಂಗತಿಯನ್ನು ಬಿಟ್ಟು ಸಾಮಾನ್ಯ ತತ್ವವನ್ನು ಕಲ್ಪಿತ ಲೆಕ್ಕದಿಂದ ತೋರಿಸಿದೆವು. ಒಂದು ಲಕ್ಷ ಲೀಟರ್ ತೊಳೆನೀರಿನ ಪ್ರತಿ ಲೀಟರಿನಲ್ಲಿ ಒಂದು ಲೋಹವು ಮಿಲಿಗ್ರಾಮಿನ ಇಪ್ಪತ್ತನೆಯ ಒಂದು ಪಾಲು ಇದೆಯೆನ್ನಿ. ಅದು ಗಣನೆಗೆ ಬಾರದಷ್ಟು ಅಲ್ಪ. ಒಟ್ಟು ಕೂಡಿಸಿದರೆ 5 ಗ್ರಾಮ್. ನೀರನ್ನು ಶುದ್ಧಿ ಮಾಡಿದಾಗ ಆ 5 ಗ್ರಾಮ್ ನಾಶವಾಗುವದಿಲ್ಲ, ಯಾಕಂದರೆ ಲೋಹವನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸಲಾರದು. ಅದು ಕೆಸರಿಗೆ ಇಳಿಯುವದು. ಕೆಸರು 50 ಕಿಲೋಗ್ರಾಮ್ ಆದರೆ ಪ್ರತಿ ಕಿಲೋಗ್ರಾಮಿಗೆ 100 ಮಿಲಿಗ್ರಾಮ್ ಆಯಿತು. ಎರಡು ಸಾವಿರ ಪಟ್ಟು. ನೀರನ್ನು ಎಷ್ಟು ಚೆನ್ನಾಗಿ ಶುದ್ಧಿ ಮಾಡಿದರೆ ಕೆಸರು ಅಷ್ಟು ಕೆಡುವದು. ನೀರು ಸ್ವಚ್ಛವಾಗಿದೆಯಲ್ಲಾ ಎಂದು ಕೆಸರಿನ ಮೇಲಿನ ಎಚ್ಚರವನ್ನು ಬಿಡುವದು ಗುಡಿಸಿದ ಮನೆಯನ್ನು ನೋಡಿ ಕಸದ ಮೊರವನ್ನು ಮರೆತ ಹಾಗೆ.

ಕ್ಯಾಡ್ಮಿಯಮ್ ಏನು ಮಾಡುವದೆಂಬದಕ್ಕೆ ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಜು ಹೊಳೆಯ ತೀರದವರು ಸಾಕ್ಷಿ. ಗಣಿಯ ತೊಳೆನೀರು ಹೊಳೆಗೂ, ಹೊಳೆಯ ನೀರು ಬತ್ತದ ಗದ್ದೆಗೂ ಸೇರಿ, ಅನ್ನದ ಮೂಲಕ ಮನುಷ್ಯರ ಮೂತ್ರಪಿಂಡವನ್ನೂ ಎಲುಬನ್ನೂ ಕೆಡಿಸಿತು. ರೋಗಕ್ಕೆ ಅಲ್ಲಿಯವರು ಇತಾಯಿ-ಇತಾಯಿ, ಅಂದರೆ ನೋವು ನೋವು, ಎಂದು ಹೆಸರಿಟ್ಟರು. ಹೆಚ್ಚಾಗಿ ನರಳಿದವರು ಅನೇಕ ಮಕ್ಕಳನ್ನು ಹೆತ್ತ, ನಡುವಯಸ್ಸು ದಾಟಿದ ಹೆಂಗಸರು. ಜಪಾನ್ ಸರಕಾರವು ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ಇದು ಪಾನೀಯದ ಕಾರ್ಖಾನೆಯ ಕಥೆಯಲ್ಲ. ಆದರೆ ಗದ್ದೆಗೆ ಹಾಕುವ ವಸ್ತುವು ಕೊನೆಗೆ ಯಾರ ಎಲುಬಿಗೆ ಬಂದು ನಿಲ್ಲುವದೆಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೇಳದೆ ಇರಲಾಗಲಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಲೆಕ್ಕಪರಿಶೋಧಕರೂ ಬ್ಯಾಂಕಿನ ಅಧಿಕಾರಿಗಳೂ ಇದ್ದಾರೆ. ಕಂಪನಿಗಳ ಶೇರು ಕೊಂಡವರೂ ಇದ್ದಾರೆ. ಅವರಿಗಾಗಿ ಒಂದು ವಿಶೇಷ ಮಾತು. ನಮ್ಮ ದೇಶದ ಶೇರುಪೇಟೆಯ ಮೊದಲ 1,000 ಕಂಪನಿಗಳು 2022-23ನೆಯ ವರ್ಷದಿಂದ ತಮ್ಮ ತ್ಯಾಜ್ಯದ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ಕೊಡಬೇಕೆಂದು ಸೆಬಿಯ ಕಟ್ಟಳೆಯುಂಟು. ಪ್ಲಾಸ್ಟಿಕ್ ಎಷ್ಟು ಟನ್, ಬ್ಯಾಟರಿ ಎಷ್ಟು, ಹಾನಿಕರವಾದದ್ದು ಎಷ್ಟು, ಇತರ ಎಷ್ಟು ಎಂದು ಮೇಲೆ. ಮರುಬಳಕೆಯಾದದ್ದು, ಸುಟ್ಟದ್ದು, ಹೂತದ್ದು ಎಷ್ಟು ಎಂದು ಕೆಳಗೆ. ವಿಕಿರಣಶೀಲ ತ್ಯಾಜ್ಯಕ್ಕೂ ಒಂದು ಸಾಲಿದೆ. ಸೋಡಾ ಮಾಡುವವರು ಅಲ್ಲಿ ಸೊನ್ನೆ ಬರೆದು ಮುಂದೆ ಹೋಗುವರೆಂದು ನಂಬುತ್ತೇವೆ. ಈ ಪಟ್ಟಿಯು ಒಳ್ಳೆಯದೇ. ಆದರೆ ಓದುವ ಕ್ರಮವನ್ನು ಕಲಿತು ಓದಬೇಕು. ಒಂದು ಕಂಪನಿಯು ವರ್ಷಕ್ಕೆ 10,000 ಟನ್ ಒದ್ದೆ ಹೊಟ್ಟನ್ನು ದನಗಳಿಗೆ ಮಾರಿ, 10 ಟನ್ ಹಾನಿಕರ ತ್ಯಾಜ್ಯವನ್ನು ಹೇಗೋ ಕಳಕೊಂಡಿತೆಂದು ಕಲ್ಪಿಸಿರಿ. ತೂಕದ ಲೆಕ್ಕದಲ್ಲಿ ಅದು ನೂರಕ್ಕೆ 99.9ರಷ್ಟು ಉಪಯೋಗ ಮಾಡಿದ ಕಂಪನಿ! ಹೊಟ್ಟಿನ ಭಾರವು ವಿಷದ ಮೇಲೆ ಕೂತು ಅದನ್ನು ಮುಚ್ಚಿ ಬಿಟ್ಟಿತು. ಇದಕ್ಕಿಂತ ಹೆಚ್ಚಾಗಿ, ಗೊಬ್ಬರವೆಂದು ಕೊಟ್ಟ ಕೆಸರು ಯಾವ ಸಾಲಿಗೆ ಸೇರುವದು? ಮರುಬಳಕೆಯ ಸಾಲಿಗೇ. ಪ್ಲಾಚಿಮಡದ ಹೊಲಗಳಿಗೆ ಹೋದದ್ದನ್ನು ಇಂಥ ಪಟ್ಟಿಯಲ್ಲಿ ಬರೆಯಬೇಕಾಗಿದ್ದರೆ ಅದು ಒಳ್ಳೆಯ ಅಂಕವಾಗಿಯೇ ತೋರುತ್ತಿತ್ತು. ಆದುದರಿಂದ ನೂರಕ್ಕೆ ಎಷ್ಟು ಎಂದು ಕೇಳುವ ಮೊದಲು, ಹಾನಿಕರವೆಂಬ ಸಾಲಿನಲ್ಲಿರುವ ಆ ಸಣ್ಣ ಅಂಕೆಯು ಯಾರ ಕೈಗೆ ಹೋಯಿತೆಂದು ಕೇಳಬೇಕು.

ಅದು ಎಲ್ಲಿಗೆ ಹೋಗತಕ್ಕದ್ದೆಂದು ಕಾನೂನಿನಲ್ಲಿ ಸ್ಪಷ್ಟವಾಗಿ ಹೇಳಿದೆ. 1989ರಲ್ಲಿ ಮೊದಲ ನಿಯಮಗಳಾದವು. ಈಗ ನಡೆಯುವವು 2016ರವು. ಹಾನಿಕರ ತ್ಯಾಜ್ಯ ಹುಟ್ಟುವ ಕಾರ್ಖಾನೆಯು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದು, ಅದನ್ನು ಸೂರಿನ ಕೆಳಗೆ ಬೇರೆಯಾಗಿ, ಸಾಧಾರಣವಾಗಿ 90 ದಿನಗಳಿಗಿಂತ ಹೆಚ್ಚು ಇಡದೆ, ಒಪ್ಪಿಗೆಯುಳ್ಳವರಿಗೇ ಸಾಗಿಸಬೇಕು. ಸಾಗಿಸುವಾಗ ಏಳು ಬಣ್ಣದ ಏಳು ಪ್ರತಿಗಳ ರಹದಾರಿ ಬರೆದು, ಮುಟ್ಟಿದವರ ಸಹಿ ಮರಳಿ ಬರಬೇಕು. ಹಳೆಯ ಎಣ್ಣೆಯನ್ನು ಶುದ್ಧಿ ಮಾಡುವವರಿಗೆ ಕೊಡಬಹುದು. ಉಪಯೋಗಕ್ಕೆ ಬಾರದ್ದನ್ನು ನೆಲಕ್ಕೆ ಇಂಗದಂತೆ ಹಾಸು ಹಾಕಿದ ಗುಂಡಿಯಲ್ಲಿ ಹೂಳುವ ಸ್ಥಳವೊಂದು ಬೆಂಗಳೂರಿನ ಆಚೆ ದಾಬಸ್‌ಪೇಟೆಯ ಬಳಿಯಲ್ಲಿದೆ. ಘಟ್ಟ ಹತ್ತಿ ಅಷ್ಟು ದೂರ ಕಳುಹಿಸುವ ಖರ್ಚು ಚಿಕ್ಕ ಘಟಕದವರಿಗೆ ಹೊರೆಯೇ ಸರಿ, ಇದನ್ನು ಒಪ್ಪಬೇಕು. ಆ ಹೊರೆಯಿಂದಲೇ ಕೆಲವರಿಗೆ ಉಚಿತವಾಗಿ ಗೊಬ್ಬರ ಹಂಚುವ ಔದಾರ್ಯವು ಹುಟ್ಟುವದು.

ಈ ಮಾತನ್ನು ನಾವು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಕೂತ ಒಬ್ಬ ಹುಡುಗಿಯು ಎದ್ದು ನಿಂತು, “ಟೀಚರ್, ಅಂಥ ಆರು ಗೋಣಿ ನಮ್ಮ ತೆಂಗಿನ ಬುಡದಲ್ಲಿ ಇದೆ” ಎಂದಳು.

ಅವಳ ಮನೆ ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ. ಊರಿನ ಹೆಸರೂ ಘಟಕದ ಹೆಸರೂ ಇಲ್ಲಿ ಬೇಡ. ಮನೆಯಿಂದ ಇನ್ನೂರು ಹೆಜ್ಜೆಯ ಮೇಲೆ, ಎತ್ತರದಲ್ಲಿ, ಸೋಡಾವನ್ನೂ ಹಣ್ಣಿನ ಪಾನೀಯವನ್ನೂ ತುಂಬುವ ಒಂದು ಸಣ್ಣ ಘಟಕವಿತ್ತು. ತೊಳೆನೀರನ್ನು ಅವರು ಮುರಕಲ್ಲಿನಲ್ಲಿ ತೋಡಿದ ಗುಂಡಿಗೆ ಬಿಡುತ್ತಿದ್ದರು. ಹಿಂದಿನ ಏಪ್ರಿಲಿನಿಂದ ಮನೆಯ ಬಾವಿಯ ನೀರು ಕೊಳೆತ ಮೊಟ್ಟೆಯ ವಾಸನೆ ಬೀರತೊಡಗಿತು. ಕೊಡದಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಕೆಂಪು ಕೆನೆ ಕಟ್ಟುತ್ತಿತ್ತು. ಒಗೆದ ಬಿಳಿ ಬಟ್ಟೆಗೆ ತುಕ್ಕಿನ ಬಣ್ಣ ಹತ್ತುತ್ತಿತ್ತು. ನಮ್ಮ ಪ್ರಯೋಗದ ಬಾಟ್ಲಿಯ ವಾಸನೆಯೇ ಇದು. ಸಿಹಿನೀರು ನೆಲದೊಳಗಿನ ಆಮ್ಲಜನಕವನ್ನು ಮುಗಿಸಿದ ಮೇಲೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಗಂಧಕದ ಲವಣಗಳಿಂದ ಉಸಿರಾಡಿ ಆ ದುರ್ವಾಸನೆಯನ್ನು ಹುಟ್ಟಿಸುವವು. ಮುರಕಲ್ಲಿನ ಕಬ್ಬಿಣವು ಗಾಳಿಯಿಲ್ಲದ ನೀರಿನಲ್ಲಿ ಕರಗಿ, ಗಾಳಿಗೆ ಬಂದ ಕೂಡಲೇ ಮತ್ತೆ ತುಕ್ಕಾಗುವದು. ಕೇಳಲಿಕ್ಕೆ ಹೋದ ತಂದೆಗೆ ಘಟಕದವರು, ವಿಷವೇನೂ ಇಲ್ಲ, ಸಕ್ಕರೆ ಮತ್ತು ಸಾಬೂನು ಮಾತ್ರ ಎಂದು ಹೇಳಿ, ಸಮಾಧಾನಕ್ಕಾಗಿ ಆರು ಗೋಣಿ ಕೆಸರನ್ನು ಗೊಬ್ಬರವೆಂದು ಕೊಟ್ಟು ಕಳುಹಿಸಿದರು.

ನಾವು ವಿಜ್ಞಾನದ ಉಪಾಧ್ಯಾಯಿನಿಯರೊಡನೆ ಹೋಗಿ ನೋಡಿದೆವು. ನಾಲ್ಕು ಗೋಣಿಗಳು ಬಿಚ್ಚಿ ಹಾಕಿಯಾಗಿದ್ದವು, ಎರಡು ಕಟ್ಟಿದ ಹಾಗೆಯೇ ಇದ್ದವು. ಅವುಗಳ ಬಾಯಿ ಬಿಚ್ಚಿದಾಗ ಬೂದುಬಣ್ಣದ ಕೆಸರಿನ ನಡುವೆ ಯಂತ್ರದ ಎಣ್ಣೆ ಒರಸಿದ ಬಟ್ಟೆಯ ತುಂಡುಗಳೂ ಶಾಯಿಯ ಎರಡು ಖಾಲಿ ಡಬ್ಬಿಗಳೂ ಸಿಕ್ಕಿದವು. ಕೆಸರನ್ನೂ ಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಿದೆವು. ಸತ್ಯವನ್ನು ಹೇಳಬೇಕಾದರೆ, ಕೆಸರಿನಲ್ಲಿ ಲೋಹಗಳು ಮಿತಿಯನ್ನು ಮೀರಿರಲಿಲ್ಲ. ಅದು ಹೆಚ್ಚಾಗಿ ಸುಣ್ಣ. ಘಟಕದವರ ಮಾತು ಅರ್ಧ ನಿಜವೇ ಆಗಿತ್ತು. ಬಟ್ಟೆ ಮತ್ತು ಡಬ್ಬಿಗಳ ವಿಷಯ ಅವರಿಗೇ ಗೊತ್ತಿರಲಿಲ್ಲವೆಂದರು. ಕೆಲಸದವರು ಎಲ್ಲವನ್ನೂ ಒಂದೇ ಗುಡ್ಡೆಗೆ ಹಾಕುತ್ತಿದ್ದರಂತೆ. ಬಾವಿಯ ನೀರಿನಲ್ಲಿಯಾದರೋ ಕಬ್ಬಿಣವು ಮಿತಿಗಿಂತ ಬಹಳ ಹೆಚ್ಚು, ಆಮ್ಲಜನಕವು ಇಲ್ಲವೆಂಬಷ್ಟು ಕಡಿಮೆ ಇತ್ತು.

ಪಂಚಾಯತಿಗೂ ಮಂಡಳಿಗೂ ತಂದೆಯು ಬರೆದ ಅರ್ಜಿಗೆ ಹುಡುಗಿಯೇ ಪರೀಕ್ಷೆಯ ಅಂಕೆಗಳನ್ನು ಪಟ್ಟಿ ಮಾಡಿ ಲಗತ್ತಿಸಿದಳು. ಮಳೆಗಾಲಕ್ಕೆ ಮುಂಚೆ ಘಟಕದವರು ಗುಂಡಿಯನ್ನು ಮುಚ್ಚಿ ಸಿಮೆಂಟಿನ ತೊಟ್ಟಿ ಕಟ್ಟಿದರು. ಎಣ್ಣೆಬಟ್ಟೆಗೆ ಮುಚ್ಚಳವಿರುವ ಬೇರೆ ಪೀಪಾಯಿ ಇಟ್ಟರು. ಬಿಚ್ಚದ ಎರಡು ಗೋಣಿಗಳನ್ನು ಮರಳಿ ಕೊಂಡುಹೋದರು. ಬಿಚ್ಚಿದ ನಾಲ್ಕು ಗೋಣಿಗಳನ್ನು ಮಣ್ಣಿನಿಂದ ಬೇರೆ ಮಾಡುವ ಉಪಾಯವಿರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬಾವಿಯ ನೀರಿನ ವಾಸನೆ ಹೋಗಿದೆ, ಕೆಂಪು ಕೆನೆ ತೆಳುವಾಗಿದೆ. ತಂದೆ ತಾಯಿ ಅದನ್ನು ಕಾಯಿಸಿ ಸೋಸಿ ಅಡಿಗೆಗೆ ಉಪಯೋಗಿಸುತ್ತಾರೆ. ಅಜ್ಜಿಯು ಮಾತ್ರ ಇನ್ನೂ ಕೊಡ ಹೊತ್ತುಕೊಂಡು ಗದ್ದೆಯ ಬದು ದಾಟಿ, ಪಕ್ಕದ ಮನೆಯ ಬಾವಿಯಿಂದಲೇ ಕುಡಿಯುವ ನೀರನ್ನು ತರುತ್ತಾಳೆ.